ಪ್ಲೇಟು ಹೊಸದು, ಟೇಪು ಯಾವುದು? ಯುದ್ಧಚಿತ್ರ ಮತ್ತು ನಗೆ-ವೆಸ್ಟರ್ನ್ ಸಂಗೀತದ ಮರುಮುದ್ರಣಗಳು

ಅರವತ್ತು–ಎಪ್ಪತ್ತರ ದಶಕದ ಯುದ್ಧಚಿತ್ರಗಳ, ನಗೆಯ ಕೌಬಾಯ್ ಚಿತ್ರಗಳ ಸಂಗೀತ ಈಗ ಎಲ್‌ಪಿ ಎಂಬ ದೊಡ್ಡ ವಿನೈಲ್ ಪ್ಲೇಟಾಗಿಯೂ ಸಿಡಿಯಾಗಿಯೂ ಮತ್ತೆ ಮತ್ತೆ ಅಚ್ಚಾಗುತ್ತಿದೆ. ಬೆಳಗಾವಿಯಲ್ಲಿ ಇವಕ್ಕೆ ಗಿರಾಕಿ ಇರುವುದು ಸಹಜ. ಮರಾಠಾ ಲಘು ಪದಾತಿದಳದ ಕೇಂದ್ರ 1922ರಿಂದ ಇಲ್ಲಿದೆ. ಹಿತ್ತಾಳೆ ವಾದ್ಯ ಬಯಲಿನಲ್ಲಿ ಹೇಗೆ ಮೊಳಗುತ್ತದೆ, ಸೈಡ್ ಡ್ರಮ್ಮಿನ ಪೆಟ್ಟು ಎಷ್ಟು ಒಣಗಿರುತ್ತದೆ ಎಂಬುದನ್ನು ಕ್ಯಾಂಪ್ ಸುತ್ತ ಬೆಳೆದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಂಥ ಕಿವಿಗೆ ಕೆಟ್ಟ ಮರುಮುದ್ರಣ ಮೊದಲ ಮಾರ್ಚಿನಲ್ಲೇ, ಅಂದರೆ ಸೈನಿಕರ ಹೆಜ್ಜೆಗೆ ನುಡಿಸುವ ಧಾಟಿಯಲ್ಲೇ, ಸಿಕ್ಕಿಬೀಳುತ್ತದೆ. ಆದರೆ ಅಷ್ಟರಲ್ಲಿ ದುಡ್ಡು ಹೋಗಿರುತ್ತದೆ. ಆಮದು ಎಲ್‌ಪಿ ಎರಡೂವರೆ–ಮೂರು ಸಾವಿರ ರೂಪಾಯಿಗಿಂತ ಕಡಿಮೆಗೆ ಸಿಗುವುದು ಅಪರೂಪ. ಹೀಗಾಗಿ ತರಿಸುವ ಮುಂಚೆಯೇ ಕೇಳಬೇಕಾದ ಪ್ರಶ್ನೆ: ಇದು ಯಾವ ಟೇಪಿನಿಂದ ಬಂದದ್ದು?

ಒಂದೇ ಚಿತ್ರದ ಸಂಗೀತಕ್ಕೆ ಎರಡು ಧ್ವನಿಮುದ್ರಣ ಇರುವುದು ಆ ಕಾಲದಲ್ಲಿ ಮಾಮೂಲು. ಮೊದಲನೆಯದು ಪರದೆಯ ಮೇಲೆ ದೃಶ್ಯ ಓಡುತ್ತಿರುವಾಗ ಅದರ ಉದ್ದಕ್ಕೆ ಅಳೆದು ನುಡಿಸಿದ್ದು. ಎರಡನೆಯದು ಪ್ಲೇಟಿಗೆಂದೇ ಬೇರೆ ದಿನ, ಹಲವು ಸಲ ಬೇರೆ ವಾದಕರಿಂದ, ನುಡಿಸಿದ್ದು. ಕಾರಣ ರೊಕ್ಕ. ಚಿತ್ರಕ್ಕೆ ನುಡಿಸಿದ್ದನ್ನು ಪ್ಲೇಟಿಗೆ ಬಳಸಿದರೆ ಅಮೆರಿಕದ ವಾದಕರ ಸಂಘದ ನಿಯಮದಂತೆ ಎಲ್ಲರಿಗೂ ಮತ್ತೊಮ್ಮೆ ಪಗಾರ ಕೊಡಬೇಕು. ಅದಕ್ಕಿಂತ ಅರ್ಧ ಗಂಟೆಯ ಸಂಗೀತವನ್ನು ಹೊಸದಾಗಿ ನುಡಿಸಿಬಿಡುವುದೇ ಅನೇಕ ಕಂಪನಿಗಳಿಗೆ ಅಗ್ಗ. ಪ್ಲೇಟಿನ ಆವೃತ್ತಿ ನುಣುಪಾಗಿರುತ್ತದೆ, ಹಾಡಿನ ಹಾಗೆ ಶುರುವಾಗಿ ಮುಗಿಯುತ್ತದೆ. ಚಿತ್ರದ ಆವೃತ್ತಿ ತುಂಡು ತುಂಡಾಗಿ ಬರುತ್ತದೆ, ಟೇಪಿನ ಸರ್ರೆನ್ನುವ ಸದ್ದೂ ಇರುತ್ತದೆ, ಆದರೆ ಅದರ ಬಿಸಿಯೇ ಬೇರೆ. ಮುಖಪುಟದ ಮೇಲೆ ಎರಡಕ್ಕೂ ‘ಒರಿಜಿನಲ್ ಸೌಂಡ್‌ಟ್ರ್ಯಾಕ್’ ಎಂದೇ ಅಚ್ಚು ಹಾಕುತ್ತಾರೆ. ಖರೆ ಸಂಗತಿ ಹಿಂಬದಿಯ ಸಣ್ಣ ಅಕ್ಷರದಲ್ಲಿರುತ್ತದೆ, ಅಥವಾ ಎಲ್ಲಿಯೂ ಇರುವುದಿಲ್ಲ.

ಜಾನ್ ಸ್ಟರ್ಜಸ್ ನಿರ್ದೇಶಿಸಿದ ‘ದಿ ಗ್ರೇಟ್ ಎಸ್ಕೇಪ್’ (1963) ಇದಕ್ಕೆ ಚಲೋ ಉದಾಹರಣೆ. ಎಲ್ಮರ್ ಬರ್ನ್‌ಸ್ಟೀನ್ ಬರೆದ ಮಾರ್ಚ್ ಸಿನಿಮಾ ನೋಡದವರ ಬಾಯಲ್ಲೂ ಇದೆ. ಯುನೈಟೆಡ್ ಆರ್ಟಿಸ್ಟ್ಸ್ ಆಗ ಹೊರತಂದ ಎಲ್‌ಪಿ ಮರಳಿ ನುಡಿಸಿದ್ದು. ಹಳೆಯ ಮುಖಪುಟ, ಹಳೆಯ ಹಾಡುಪಟ್ಟಿ ಇಟ್ಟುಕೊಂಡು ಬರುವ ಒಂಟಿ ಎಲ್‌ಪಿ ಕಂಡರೆ ಅದು ಇದೇ ಎಂದುಕೊಳ್ಳಬಹುದು. ಅದರಲ್ಲಿ ಮಾರ್ಚ್ ಸೊಗಸಾಗಿದೆ, ಅನುಮಾನವಿಲ್ಲ. ಸಿಗದಿರುವುದು ಸುರಂಗ ತೋಡುವ, ಕಾವಲುಗಾರರ ಕಣ್ಣು ತಪ್ಪಿಸುವ ದೃಶ್ಯಗಳ ಉದ್ದನೆಯ ಬಿಗಿ ಸಂಗೀತ. ಈ ಕಥೆಗೆ ಆಧಾರವಾದ 1944ರ ಘಟನೆಯಲ್ಲಿ ಜರ್ಮನಿಯ ಯುದ್ಧಕೈದಿಗಳ ಶಿಬಿರದಿಂದ ಹೊರಬಿದ್ದವರು 76, ಅವರಲ್ಲಿ ಗುಂಡಿಗೆ ಬಲಿಯಾದವರು 50. ಮಾರ್ಚ್ ಒಂದನ್ನೇ ಕೇಳಿದರೆ ಇದು ಪಿಕ್ನಿಕ್ಕಿನ ಚಿತ್ರ ಎನಿಸೀತು. ಸಾವಿನ ಭಾರ ಇರುವುದು ಹಳೆಯ ಎಲ್‌ಪಿ ಕೈಬಿಟ್ಟ ಭಾಗಗಳಲ್ಲಿ. ಹಳೆಯ ಸಿನಿಮಾ ಸಂಗೀತ ಮರುಮುದ್ರಿಸುವ ಇಂಟ್ರಾಡಾ ಕಂಪನಿ ಹೊರತಂದ 3 ಸಿಡಿಗಳ ಕಟ್ಟಿನಲ್ಲಿ ಚಿತ್ರದ ಪೂರ್ಣ ಸಂಗೀತವೂ ಇದೆ, ಹಳೆಯ ಎಲ್‌ಪಿಯೂ ಇದೆ. ಒಂದೇ ಕೊಳ್ಳುವುದಾದರೆ ಇದನ್ನೇ ಕೊಳ್ಳಿ, ಎಲ್‌ಪಿ ಬೇಡ.

ಅಮೆರಿಕದ ಸೇನಾಪತಿಯೊಬ್ಬನ ಕಥೆಯಾದ ‘ಪ್ಯಾಟನ್’ (1970) ಇನ್ನೂ ಸ್ವಾರಸ್ಯದ್ದು. ಚಿತ್ರ ಮೂರು ಗಂಟೆಗೆ ಹತ್ತೇ ನಿಮಿಷ ಕಡಿಮೆ, ಸಂಗೀತ ಮಾತ್ರ ಅರ್ಧ ಗಂಟೆಯ ಆಸುಪಾಸು. ಜೆರಿ ಗೋಲ್ಡ್‌ಸ್ಮಿತ್ ಅದನ್ನು ಮೂರು ಪದರಗಳಲ್ಲಿ ಕಟ್ಟಿದ್ದಾರೆ: ಸೈನಿಕನಿಗೆ ಮಾರ್ಚ್, ಅವನ ದೈವಭಕ್ತಿಗೆ ಆರ್ಗನ್, ಹಿಂದಿನ ಜನ್ಮಗಳಲ್ಲೂ ಯುದ್ಧ ಮಾಡಿದ್ದೇನೆಂಬ ಅವನ ನಂಬಿಕೆಗೆ ಟ್ರಂಪೆಟ್ಟಿನ ಮೂರು ಮೂರು ಸ್ವರಗಳ ಗುಚ್ಛ. ಈ ಟ್ರಂಪೆಟ್ಟನ್ನು ಎಕೋಪ್ಲೆಕ್ಸ್ ಎಂಬ ಟೇಪ್ ಯಂತ್ರದೊಳಗೆ ಹಾಯಿಸಿ ಮರುದನಿ ಬರಿಸಿದ್ದಾರೆ. ವಿಜಯಪುರದ ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಒಂದು ಚಪ್ಪಾಳೆ ಸುತ್ತು ಹಾಕಿ ಹಾಕಿ ತೆಳುವಾಗುತ್ತದಲ್ಲ, ಹಾಗೆಯೇ ಇಲ್ಲಿಯೂ ಪ್ರತಿ ಮರುದನಿ ಹಿಂದಿನದಕ್ಕಿಂತ ಒಂದಿಷ್ಟು ಮಸುಕಾಗಿ ದೂರ ಸರಿಯಬೇಕು. ಮರುಮುದ್ರಣದ ಪರೀಕ್ಷೆ ಇರುವುದು ಇಲ್ಲೇ. ಟೇಪಿನ ಸರಸರ ತೆಗೆಯುತ್ತೇವೆಂದು ಸದ್ದಿಳಿಸುವ ಸಾಫ್ಟ್‌ವೇರನ್ನು ಅತಿಯಾಗಿ ಹಾಯಿಸಿದ್ದರೆ ಕೊನೆಯ ಎರಡು–ಮೂರು ಮರುದನಿಗಳನ್ನೂ ಅದು ಕಸವೆಂದು ಗುಡಿಸಿ ಹಾಕುತ್ತದೆ, ಟ್ರಂಪೆಟ್ ಥಟ್ಟನೆ ಸತ್ತುಹೋಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಆರಂಭದ ಒಂದು ನಿಮಿಷ ಕೇಳಿದರೆ ಸಾಕು.

ಈ ಚಿತ್ರಕ್ಕೆ ಎರಡಲ್ಲ, ಮೂರು ಧ್ವನಿಮುದ್ರಣಗಳಿವೆ. ಚಿತ್ರದ್ದು ಒಂದು. ನಾಯಕನಟ ಜಾರ್ಜ್ ಸಿ. ಸ್ಕಾಟ್ ಅವರ ಆರಂಭದ ಭಾಷಣವನ್ನೂ ಸೇರಿಸಿಕೊಂಡು ಆಗಿನ ಎಲ್‌ಪಿಗೆ ನುಡಿಸಿದ್ದು ಇನ್ನೊಂದು. 1997ರಲ್ಲಿ ಗೋಲ್ಡ್‌ಸ್ಮಿತ್ ಅವರೇ ರಾಯಲ್ ಸ್ಕಾಟಿಷ್ ನ್ಯಾಷನಲ್ ಆರ್ಕೆಸ್ಟ್ರಾ ಜೊತೆ ವರೀಸ್ ಸರಬಾಂಡ್ ಕಂಪನಿಗೆ ನುಡಿಸಿದ್ದು ಮೂರನೆಯದು. ಕೊನೆಯದರಲ್ಲಿ ದನಿ ಅತಿ ಸ್ವಚ್ಛ, ಸ್ಪೀಕರ್ ಪರೀಕ್ಷೆಗೆ ಹೇಳಿ ಮಾಡಿಸಿದ್ದು, ಆದರೆ ಮೊದಲಿನ ಬಿಗುವು ಅದಕ್ಕಿಲ್ಲ. ಚಿತ್ರದ್ದೂ ಎಲ್‌ಪಿಯದೂ ಒಟ್ಟಿಗಿರುವ ಇಂಟ್ರಾಡಾದ 2 ಸಿಡಿ ಆವೃತ್ತಿಯೇ ಇಲ್ಲಿ ಸರಿಯಾದ ಆಯ್ಕೆ.

‘ಬ್ಯಾಟಲ್ ಆಫ್ ಬ್ರಿಟನ್’ (1969) ಮರುಮುದ್ರಣವೆಂದರೆ ಬರೀ ಸಂಗೀತವಲ್ಲ, ಒಂದು ಜಗಳದ ಕಾಗದಪತ್ರವೂ ಹೌದು. ವಿಲಿಯಂ ವಾಲ್ಟನ್ ಬರೆದ ಸಂಗೀತವನ್ನು, ಎಲ್‌ಪಿ ತುಂಬುವಷ್ಟು ಉದ್ದವಿಲ್ಲವೆಂಬುದೂ ಸೇರಿದಂತೆ ಕಾರಣ ಕೊಟ್ಟು, ನಿರ್ಮಾಪಕ ಕಂಪನಿ ತಳ್ಳಿಹಾಕಿತು. ರಾನ್ ಗುಡ್ವಿನ್ ಹೊಸದಾಗಿ ಬರೆದರು. ನಟ ಲಾರೆನ್ಸ್ ಒಲಿವಿಯೆ ತಮ್ಮ ಹೆಸರನ್ನೇ ತೆಗೆಯಿರೆಂದು ಪಟ್ಟು ಹಿಡಿದ ಮೇಲೆ ವಾಲ್ಟನ್ ಅವರ ‘ಬ್ಯಾಟಲ್ ಇನ್ ದಿ ಏರ್’ ಭಾಗ ಮಾತ್ರ ಚಿತ್ರದಲ್ಲಿ ಉಳಿಯಿತು. ತಳ್ಳಿಹಾಕಿದ ಟೇಪುಗಳು ಕಳೆದೇಹೋದವು ಎಂದೇ ಎಲ್ಲರೂ ತಿಳಿದಿದ್ದರು. ಕೊನೆಗೆ ಧ್ವನಿಮುದ್ರಕರ ಗ್ಯಾರೇಜಿನಲ್ಲಿ ಸಿಕ್ಕವು. ಹಾಗಾಗಿ ಇಬ್ಬರ ಸಂಗೀತವೂ ಇರುವ ಸಿಡಿಯನ್ನೇ ಹುಡುಕಿ. ಗುಡ್ವಿನ್ ಒಬ್ಬರದ್ದೇ ಇರುವ ಹಳೆಯ ಎಲ್‌ಪಿಯ ಮರುಮುದ್ರಣ ಅರ್ಧ ಕಥೆ. ನ್ಯಾಯ ಹೇಳಬೇಕೆಂದರೆ ಗುಡ್ವಿನ್ ಅವರ ಜರ್ಮನ್ ಮಾರ್ಚ್ ವಾಲ್ಟನ್ ಬರೆದದ್ದಕ್ಕಿಂತ ಸಿನಿಮಾಕ್ಕೆ ಹೆಚ್ಚು ಒಗ್ಗುತ್ತದೆ. ಆಕಾಶದ ಕಾಳಗಕ್ಕೆ ಮಾತ್ರ ವಾಲ್ಟನ್ ಅವರೇ ಬೇಕು.

ವಾಲ್ಟನ್ ಅವರ ಸಂಗೀತ ನಡೆಸಿಕೊಟ್ಟ ಮಾಲ್ಕಂ ಆರ್ನಲ್ಡ್ ಅವರೇ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ (1957) ಚಿತ್ರಕ್ಕೆ ಆಸ್ಕರ್ ಪಡೆದವರು. ಕೈದಿಗಳು ಸಿಳ್ಳೆ ಹಾಕಿಕೊಂಡು ಬರುವ ‘ಕರ್ನಲ್ ಬೋಗಿ’ ಧಾಟಿ ಅವರದಲ್ಲ, 1914ರಲ್ಲಿ ಕೆನೆತ್ ಆಲ್ಫರ್ಡ್ ಎಂಬ ಹೆಸರಿನಲ್ಲಿ ಬ್ರಿಟಿಷ್ ಬ್ಯಾಂಡ್‌ಮಾಸ್ಟರ್ ಒಬ್ಬರು ಬರೆದದ್ದು. ಆರ್ನಲ್ಡ್ ಮಾಡಿದ ಚಮತ್ಕಾರ ಅದಕ್ಕೆ ಜೋಡಿಯಾಗಿ ಇನ್ನೊಂದು ಮಾರ್ಚ್ ಬರೆದು ಎರಡನ್ನೂ ಒಂದರ ಮೇಲೊಂದು ಕೂರಿಸಿದ್ದು. ಈ ಧ್ವನಿಮುದ್ರಣ ಮೊನೊ, ಅಂದರೆ ಎರಡೂ ಸ್ಪೀಕರಿಗೆ ಒಂದೇ ದನಿ. ‘ಸ್ಟೀರಿಯೊ’ ಎಂದು ಬರೆದ ಪ್ರತಿ ಕಂಡರೆ ದೂರವಿರಿ. ಮೊನೊ ಟೇಪಿನ ತಗ್ಗು ದನಿಯನ್ನು ಒಂದು ಕಡೆ, ಏರು ದನಿಯನ್ನು ಇನ್ನೊಂದು ಕಡೆ ತಳ್ಳಿ, ಮೇಲೊಂದಿಷ್ಟು ಗುಂಯ್ ಸೇರಿಸಿ ಮಾಡುವ ಹುಸಿ ಸ್ಟೀರಿಯೊದಲ್ಲಿ ಸಿಳ್ಳೆ ಒಂದು ಮೂಲೆಗೂ ಬೂಟಿನ ಸದ್ದು ಇನ್ನೊಂದು ಮೂಲೆಗೂ ಹರಿದು ಹಂಚಿಹೋಗುತ್ತದೆ. ಮೊನೊ ಪ್ಲೇಟನ್ನು ಸ್ಟೀರಿಯೊ ಮುಳ್ಳಿನಲ್ಲಿ ನುಡಿಸುವಾಗ ಆಂಪ್ಲಿಫೈಯರಿನ ಮೊನೊ ಗುಂಡಿ ಒತ್ತಿ. ಮುಳ್ಳು ಹಾಯುವ ಗೆರೆಯ ಏರಿಳಿತದಿಂದ ಬರುವ ಚಟಚಟ ಅರ್ಧಕ್ಕರ್ಧ ಅಡಗುತ್ತದೆ.

‘ವೇರ್ ಈಗಲ್ಸ್ ಡೇರ್’ (1968) ಕೂಡ ಗುಡ್ವಿನ್ ಅವರದೇ. ಬರೀ ಸೈಡ್ ಡ್ರಮ್ಮಿನಿಂದ ಶುರುವಾಗಿ ಹಿತ್ತಾಳೆ ಪದರ ಪದರವಾಗಿ ಏರುತ್ತದೆ. ದನಿಯ ಮಟ್ಟವನ್ನು ಗೋಡೆಗೆ ಒತ್ತಿದಂತೆ ಸಮ ಮಾಡಿದ ಸಿಡಿಗಳಲ್ಲಿ ಈ ಏರುವಿಕೆಯೇ ಕಾಣದು, ಮೊದಲ ಪೆಟ್ಟಿಗೇ ಎಲ್ಲ ಸದ್ದು ಮುಗಿದಿರುತ್ತದೆ. ‘ಕೆಲ್ಲೀಸ್ ಹೀರೋಸ್’ (1970) ಈ ವಿಮರ್ಶೆಯ ಎರಡು ಭಾಗಗಳ ನಡುವಿನ ಸೇತುವೆ. ಯುದ್ಧಚಿತ್ರ, ಆದರೆ ಟೈಗರ್ ಟ್ಯಾಂಕಿನ ಎದುರು ಮೂವರು ನಡೆದುಬರುವಾಗ ಸಂಗೀತಕಾರ ಲಾಲೊ ಶಿಫ್ರಿನ್ ಇಟಲಿಯ ವೆಸ್ಟರ್ನ್ ಸಂಗೀತದ ಅಣಕ ಬಾರಿಸುತ್ತಾರೆ, ನಡೆದುಬರುವವರಲ್ಲಿ ಕ್ಲಿಂಟ್ ಈಸ್ಟ್‌ವುಡ್ ಇದ್ದಾರೆ ಎಂಬ ಕಾರಣಕ್ಕೆ. ಆ ಭಾಗ ಹಾಡುಪಟ್ಟಿಯಲ್ಲಿದೆಯೇ ನೋಡಿ ಕೊಳ್ಳಿ.

ಇನ್ನು ನಗೆಯ ವೆಸ್ಟರ್ನ್‌ಗಳು. ಇಲ್ಲಿ ಒಳ್ಳೆಯ ಸಂಗೀತ ತಾನು ನಗುವುದಿಲ್ಲ, ಗಂಭೀರವಾಗಿ ಮುಖ ಬಿಗಿದುಕೊಂಡೇ ಇರುತ್ತದೆ. ‘ದಿ ಹಲ್ಲೆಲೂಯಾ ಟ್ರೇಲ್’ (1965) ಮತ್ತೆ ಸ್ಟರ್ಜಸ್–ಬರ್ನ್‌ಸ್ಟೀನ್ ಜೋಡಿಯದು. ಡೆನ್ವರ್‌ಗೆ ಹೊರಟ ಬಂಡಿಗಟ್ಟಲೆ ವಿಸ್ಕಿ, ಅದನ್ನು ಕಾಯುವ ಕುದುರೆ ಸೈನ್ಯ, ತಡೆಯುವ ಮದ್ಯವಿರೋಧಿ ಮಹಿಳೆಯರು. ಎರಡು ವರ್ಷದ ಹಿಂದೆ ಯುದ್ಧಕೈದಿಗಳಿಗೆ ಬರೆದಷ್ಟೇ ಶ್ರದ್ಧೆಯಿಂದ ಬರ್ನ್‌ಸ್ಟೀನ್ ಇದಕ್ಕೂ ಕೋರಸ್ಸು, ಮಾರ್ಚು ಬರೆದಿದ್ದಾರೆ. ಎರಡು ಪ್ಲೇಟುಗಳನ್ನೂ ಒಂದರ ಹಿಂದೊಂದು ಹಾಕಿದರೆ ಕೈಬರಹ ಒಂದೇ ಎಂದು ತಿಳಿಯುತ್ತದೆ. ಕೋರಸ್ ಇರುವ ಇಂಥ ಪ್ಲೇಟಿನಲ್ಲಿ ‘ಸ’, ‘ಶ’ ಅಕ್ಷರಗಳು ಸೀಳಿದಂತೆ ಬಂದರೆ ತಪ್ಪು ಹೆಚ್ಚಾಗಿ ಪ್ಲೇಟಿನದಲ್ಲ, ಮುಳ್ಳು ಸವೆದಿರುತ್ತದೆ ಅಥವಾ ಓರೆಯಾಗಿ ಕೂತಿರುತ್ತದೆ.

‘ಕ್ಯಾಟ್ ಬಲೂ’ (1965) ಹೆಸರಿನಲ್ಲಿ ಮೋಸಹೋಗುವವರು ಬಹಳ. ಫ್ರಾಂಕ್ ಡಿವೋಲ್ ಸಂಗೀತದ ಈ ಚಿತ್ರದಲ್ಲಿ ನ್ಯಾಟ್ ಕಿಂಗ್ ಕೋಲ್ ಮತ್ತು ಸ್ಟಬಿ ಕೇ ನಡುನಡುವೆ ಬಂದು ಕಥೆ ಹಾಡುತ್ತಾರೆ. ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಕೋಲ್ ತೀರಿಕೊಂಡಿದ್ದರು. ಕ್ಯಾಪಿಟಲ್ ಕಂಪನಿ ಅದೇ ವರ್ಷ ಹೊರತಂದ, ಚಿತ್ರದ ಹೆಸರು ಹೊತ್ತ ಎಲ್‌ಪಿಯಲ್ಲಿ ಇರುವುದು ಕೋಲ್ ಬೇರೆ ಬೇರೆ ಚಿತ್ರಗಳಿಗೆ ಹಾಡಿದ್ದರ ಸಂಕಲನ. ಹಾಡುಗಾರಿಕೆ ಅಮೃತ. ಆದರೆ ಡಿವೋಲ್ ಅವರ ಹಿನ್ನೆಲೆ ಸಂಗೀತ ಬೇಕೆಂದು ಅದನ್ನು ಕೊಂಡರೆ ಸಿಗುವುದಿಲ್ಲ.

‘ಬ್ಲೇಜಿಂಗ್ ಸ್ಯಾಡಲ್ಸ್’ (1974) ಚಿತ್ರದ ಶೀರ್ಷಿಕೆ ಗೀತೆ ಹಾಡಿದವರು ಫ್ರಾಂಕಿ ಲೇನ್, ಗಂಭೀರ ವೆಸ್ಟರ್ನ್‌ಗಳ ಹಾಡಿಗೆ ಹೆಸರಾದವರು. ಇದು ನಗೆಚಿತ್ರವೆಂದು ನಿರ್ದೇಶಕ ಮೆಲ್ ಬ್ರೂಕ್ಸ್ ಲೇನ್ ಅವರಿಗೆ ಹೇಳಲೇ ಇಲ್ಲ. ಲೇನ್ ಕಣ್ಣಲ್ಲಿ ನೀರು ತಂದುಕೊಂಡು ಹಾಡಿಬಿಟ್ಟರು, ಹಾಡು ಆಸ್ಕರ್ ನಾಮನಿರ್ದೇಶನಕ್ಕೂ ಹೋಯಿತು. ಜಾನ್ ಮಾರಿಸ್ ಅವರ ಹಿನ್ನೆಲೆ ಸಂಗೀತ ಸರಿಯಾದ ಆಲ್ಬಮ್ಮಾಗಿ ಬಂದದ್ದು 2008ರಲ್ಲಿ, ಲಾ-ಲಾ ಲ್ಯಾಂಡ್ ರೆಕಾರ್ಡ್ಸ್ ಸಿಡಿಯಾಗಿ. ಬಿಡಿಬಿಡಿ ತುಣುಕುಗಳು ಅನೇಕ ಅತಿ ಚಿಕ್ಕವು, ಅರ್ಧ ನಿಮಿಷಕ್ಕೇ ಮುಗಿಯುತ್ತವೆ. ಸಂಗೀತವಾಗಿ ಕೂತು ಕೇಳಲು ಇದು ಅಷ್ಟಕ್ಕಷ್ಟೆ. ಶೀರ್ಷಿಕೆ ಗೀತೆಯಲ್ಲಿ ಚಾಟಿ ಬೀಸುವ ಸದ್ದು ಮಾತ್ರ ಯಂತ್ರದ ಪರೀಕ್ಷೆಗೆ ಬಹಳ ಉಪಯೋಗಿ. ಅದು ಚಟ್ಟನೆ ಬಂದು ಚಟ್ಟನೆ ನಿಲ್ಲಬೇಕು, ಬಾಲ ಎಳೆಯಬಾರದು.

ಇಟಲಿಯ ಕಡೆಯಿಂದ ಎರಡು. ‘ದೇ ಕಾಲ್ ಮಿ ಟ್ರಿನಿಟಿ’ (1970) ಫ್ರಾಂಕೊ ಮಿಕಲಿಜಿ ಅವರದು. ಅನ್ನಿಬಾಲೆ ಹಾಡಿದ ಶೀರ್ಷಿಕೆ ಗೀತೆ, ಅಲೆಸ್ಸಾಂದ್ರೊ ಅಲೆಸ್ಸಾಂದ್ರೊನಿ ಅವರ ಸಿಳ್ಳೆ, ಮಂಚದ ಮೇಲೆ ಮಲಗಿಕೊಂಡೇ ಹಾಡಿದಂಥ ಸೋಮಾರಿ ಲಯ. 2012ರಲ್ಲಿ ನಿರ್ದೇಶಕ ಟರಂಟಿನೊ ಅದನ್ನು ತಮ್ಮ ಚಿತ್ರದಲ್ಲಿ ಬಳಸಿದ ಮೇಲೆ ಹೊಸ ಕೇಳುಗರೂ ಹುಟ್ಟಿಕೊಂಡರು. ಅದೇ ಧಾಟಿ ಹತ್ತು ರೂಪದಲ್ಲಿ ಮರಳಿ ಬರುವುದರಿಂದ ವಿಸ್ತೃತ ಆವೃತ್ತಿ ಬೇಕಿಲ್ಲ, ಮೂಲ ಹಾಡುಪಟ್ಟಿಯ ಒಂದೇ ಎಲ್‌ಪಿ ಸಾಕು. ‘ಮೈ ನೇಮ್ ಈಸ್ ನೋಬಡಿ’ (1973) ಎನ್ನಿಯೊ ಮೊರಿಕೋನೆ ಅವರದು. ಕುದುರೆ ದಂಡು ಬರುವ ದೃಶ್ಯಕ್ಕೆ ಜರ್ಮನ್ ಸಂಗೀತಕಾರ ವಾಗ್ನರ್ ಅವರ ವಾಲ್ಕಿರಿ ಧಾಟಿಯನ್ನು ನಡುವೆ ತುರುಕಿ ಗೇಲಿ ಮಾಡಿದ್ದಾರೆ. ಈ ಪಟ್ಟಿಯಲ್ಲಿ ಎಲ್‌ಪಿಯಾಗಿ ಕೊಳ್ಳಲೇಬೇಕಾದದ್ದು ಇದೊಂದು. ವಾದ್ಯಗಳ ನಡುವೆ ಜಾಗ ಬಿಟ್ಟು ಬರೆದ ಸಂಗೀತವಾದ್ದರಿಂದ ಗೆರೆಯ ಮೇಲೆ ಹೊರೆ ಕಡಿಮೆ.

ಆ ಹೊರೆಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೆರೆ ಹಾಯುತ್ತದೆ. ಒಳಗೆ ಲೇಬಲ್ಲಿನ ಹತ್ತಿರ ಬಂದಾಗ ಅದು 21 ಸೆಂ.ಮೀ.ಗೆ ಇಳಿಯುತ್ತದೆ. ಅಷ್ಟೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೊರೆಯಬೇಕು. ಸಿನಿಮಾ ಸಂಗೀತದ ತೊಂದರೆ ಏನೆಂದರೆ ಅತಿ ಜೋರಾದ ಮಾರ್ಚು, ಪೂರ್ತಿ ಹಿತ್ತಾಳೆ, ಸಿಂಬಲ್ಲು ಎಲ್ಲ ಬರುವುದೇ ಕೊನೆಗೆ, ಅಂದರೆ ಗೆರೆ ಅತ್ಯಂತ ದುರ್ಬಲವಾಗಿರುವ ಕಡೆಗೆ. ಒಂದು ಮಗ್ಗುಲಿಗೆ 18ರಿಂದ 20 ನಿಮಿಷ ಇದ್ದರೆ ಚಲೋ. 25 ದಾಟಿದರೆ ದನಿಯ ಮಟ್ಟ ಇಳಿಸಿ ಕೊರೆದಿರುತ್ತಾರೆ, ಚಟಚಟ ಮೇಲೇಳುತ್ತದೆ. ಹಾಡುಪಟ್ಟಿಯ ನಿಮಿಷಗಳನ್ನು ಕೂಡಿಸಿ ನೋಡಿಯೇ ಆರ್ಡರ್ ಮಾಡಿ. 180 ಗ್ರಾಂ ಎಂಬ ಸ್ಟಿಕ್ಕರ್ ದನಿಗೆ ಏನೂ ಕೊಡುವುದಿಲ್ಲ. ದಪ್ಪ ಪ್ಲೇಟು ತುಸು ಕಡಿಮೆ ಸೊಟ್ಟಗಾಗುತ್ತದೆ ಅಷ್ಟೇ.

ಪಾರ್ಸೆಲ್ ಬಂದಾಗ ಬಿಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ವಾಪಸಾತಿಗೆ ಬಹಳ ಮಾರಾಟಗಾರರು ಅದನ್ನೇ ಕೇಳುತ್ತಾರೆ. ಬೇಸಿಗೆಯಲ್ಲಿ ವಿಜಯಪುರ, ಬಾಗಲಕೋಟೆ ಕಡೆ ಉಷ್ಣತೆ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಡೆಲಿವರಿ ಗಾಡಿಯೊಳಗೆ ಇನ್ನೂ ಹೆಚ್ಚು. ಬಂದ ಪ್ಲೇಟನ್ನು ಕೂಡಲೇ ನುಡಿಸದೆ ಕೆಲವು ತಾಸು ನೆರಳಿನಲ್ಲಿ ಚಪ್ಪಟೆಯಾಗಿ ಇಟ್ಟು ತಣಿಯಲು ಬಿಡಿ. ಸಾಧ್ಯವಾದರೆ ಏಪ್ರಿಲ್–ಮೇ ತಿಂಗಳಲ್ಲಿ ಎಲ್‌ಪಿ ತರಿಸುವುದೇ ಬೇಡ, ಸಿಡಿ ತರಿಸಿ. ಆಮೇಲೆ ಪ್ಲೇಟು ತಿರುಗುವಾಗ ಬದಿಯಿಂದ ನೋಡಿ. ಮುಳ್ಳಿನ ತೋಳು ಮೇಲೆ ಕೆಳಗೆ ಆಡಿದರೆ ಪ್ಲೇಟು ಸೊಟ್ಟಗಿದೆ. ಎಡಕ್ಕೆ ಬಲಕ್ಕೆ ತೂಗಿದರೆ ನಡುವಿನ ತೂತು ಕೇಂದ್ರದಲ್ಲಿಲ್ಲ, ಉದ್ದನೆಯ ಹಾರ್ನ್ ಸ್ವರಗಳು, ಸಿಳ್ಳೆ, ಹಾರ್ಮೋನಿಕಾ ಅಲುಗಾಡುತ್ತವೆ. ಬಟ್ಟೆ ಹರಿದಂತೆ ಒಂದೇ ಕಡೆ ಪರ್‌ರ್ ಎಂದರೆ ಅಚ್ಚಿನಲ್ಲಿ ವಿನೈಲ್ ಪೂರ್ತಿ ತುಂಬಿಲ್ಲ. ಅದು ತೊಳೆದರೆ ಹೋಗುವುದಿಲ್ಲ, ವಾಪಸ್ ಕಳಿಸಿ.

ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರಿನಲ್ಲಿ ಇವನ್ನು ನುಡಿಸುವುದು ಬೇಡ. ಅವುಗಳ ಸೆರಾಮಿಕ್ ಮುಳ್ಳು ಹೆಚ್ಚಾಗಿ 5 ಗ್ರಾಮಿಗೂ ಮಿಕ್ಕಿ ಒತ್ತುತ್ತದೆ, ಬಾಸ್ ಡ್ರಮ್ ಬಂದಾಗ ಹಾರುತ್ತದೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಮುಳ್ಳು ಕೂರುವ ಚಿಕ್ಕ ಪೆಟ್ಟಿಗೆ), ಅಂಡಾಕಾರದ ಮುಳ್ಳು, 1.8ರಿಂದ 2 ಗ್ರಾಂ ಒತ್ತಡ, ಅಳತೆಕಾಗದದಿಂದ ಸರಿಪಡಿಸಿದ ಮುಳ್ಳಿನ ಕೋನ, ಇಷ್ಟಿದ್ದರೆ ಮಗ್ಗುಲಿನ ಕೊನೆಯ ಮಾರ್ಚೂ ಬಹುಮಟ್ಟಿಗೆ ನಿಲ್ಲುತ್ತದೆ. ಅಮೆರಿಕದಿಂದ ಬಂದ ಹಳೆಯ ಎಸಿ ಮೋಟರಿನ ಪ್ಲೇಯರ್ 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಶೇ 17ರಷ್ಟು ನಿಧಾನ ತಿರುಗಿ ಮಾರ್ಚು ಶವಯಾತ್ರೆಯಾಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋದೀತು, ವೇಗ ಸರಿಹೋಗದು. ಪುಲ್ಲಿ ಬದಲಿಸಬೇಕು.

ಬೆಳಗಾವಿಯ ಮಳೆಗಾಲ ಪ್ಲೇಟಿಗಿಂತ ಹೆಚ್ಚಾಗಿ ಅದರ ಕಾಗದದ ಒಳಚೀಲಕ್ಕೆ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟು ಹಿಡಿಯುವುದು ಮೊದಲು ಕಾಗದಕ್ಕೆ, ಅಲ್ಲಿಂದ ಗೆರೆಯೊಳಗಿನ ಧೂಳಿಗೆ. ಬಂದ ದಿನವೇ ಕಾಗದದ ಒಳಚೀಲ ತೆಗೆದು ಪಾಲಿಥೀನ್ ಚೀಲಕ್ಕೆ ಹಾಕಿ. ಹೊರಗಿನ ಬಿಗಿ ಪ್ಲಾಸ್ಟಿಕ್ ಸುತ್ತನ್ನು ಹರಿದು ತೆಗೆಯಿರಿ, ಅದು ಕುಗ್ಗುತ್ತ ಪ್ಲೇಟನ್ನು ಬಗ್ಗಿಸುತ್ತದೆ. ಹೊರಗೋಡೆಗೆ ತಾಗದಂತೆ ಇಟ್ಟ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ತೊಳೆಯಲು 400 ಮಿ.ಲೀ. ಡಿಸ್ಟಿಲ್ಡ್ ವಾಟರ್, 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್, ಪಾತ್ರೆ ತೊಳೆಯುವ ದ್ರವದ ಎರಡೇ ಹನಿ. ಬೂಷ್ಟಿದ್ದರೆ ಮೊದಲು ಮನೆಯ ಹೊರಗೆ ಒಣ ಬ್ರಷ್‌ನಿಂದ ಉದುರಿಸಿ, ಆಮೇಲೆ ಗೆರೆಯ ದಿಕ್ಕಿನಲ್ಲೇ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಬರೀ ಡಿಸ್ಟಿಲ್ಡ್ ನೀರಿನಿಂದ ಇನ್ನೊಮ್ಮೆ ತೊಳೆದು ಒಣಗಿಸಿ. ಲೇಬಲ್ ಒದ್ದೆಯಾಗಬಾರದು. ಬೋರಿನ ನೀರು ಬೇಡವೇ ಬೇಡ, ಒಣಗಿದಾಗ ಅದರ ಸುಣ್ಣ ಗೆರೆಯಲ್ಲಿ ಕೂರುತ್ತದೆ. ಮನೆಯಲ್ಲಿ ಅಜ್ಜನ ಕಾಲದ ನಾಟ್ಯಸಂಗೀತದ 78 ಪ್ಲೇಟುಗಳಿದ್ದರೆ ಇದೇ ದ್ರಾವಣವನ್ನು ಅವಕ್ಕೆ ತಾಗಿಸಬೇಡಿ. ಅವು ಅರಗಿನವು, ಆಲ್ಕೊಹಾಲ್ ಕರಗಿಸಿಬಿಡುತ್ತದೆ.

ಕೊನೆಯದಾಗಿ ದರದ ಮಾತು. ಇಂಥ ಸಿಡಿಗಳು ಸಾವಿರ, ಎರಡು ಸಾವಿರ, ಮೂರು ಸಾವಿರ ಪ್ರತಿಗಳ ಮಿತಿಯಲ್ಲಿ ಬರುತ್ತವೆ. ಖಾಲಿಯಾದ ಮರುವಾರವೇ ಮರುಮಾರಾಟಗಾರರು ಮೂರು ಪಟ್ಟು ಕೇಳುತ್ತಾರೆ. ವಿದೇಶದಿಂದ ನೇರ ತರಿಸಿದರೆ ಆಮದು ಸುಂಕ, ಐಜಿಎಸ್‌ಟಿ, ಕೊರಿಯರ್ ಕಂಪನಿಯ ನಿರ್ವಹಣಾ ಶುಲ್ಕ ಬೇರೆ. ಎರಡು–ಮೂರು ಸಿಡಿ ಒಟ್ಟಿಗೆ ತರಿಸಿದರೆ ಸಾಗಣೆ ವೆಚ್ಚ ಹಂಚಿಹೋಗುತ್ತದೆ. ‘ದಿ ಗ್ರೇಟ್ ಎಸ್ಕೇಪ್’ ಸಂಗೀತ ಇಂಟ್ರಾಡಾಕ್ಕೆ ಮೊದಲೇ ವರೀಸ್ ಸರಬಾಂಡ್‌ನಿಂದಲೂ 2 ಸಿಡಿಯಾಗಿ ಬಂದಿತ್ತು. ಆಗ ಅದು ಖಾಲಿಯಾಯಿತೆಂದು ದುಬಾರಿ ಕೊಟ್ಟವರಿಗಿಂತ ಕಾದವರಿಗೆ ಹೆಚ್ಚು ಸಂಗೀತ ಸಿಕ್ಕಿತು. ಗಡಿಬಿಡಿ ಮಾಡದೆ ಪಟ್ಟಿ ಬರೆದಿಟ್ಟುಕೊಂಡು ಮುಂದಿನ ಮುದ್ರಣಕ್ಕೆ ಕಾಯಿರಿ.